ವಿದ್ಯೆಯೂ ವೃತ್ತಿಯೂ: ಹನುಮಸಾಗರ ಸೀಮೆಯ ಎಳೆಯ ಕಲಾವಿದರ ಪೋಷಣೆಯನ್ನು ಕುರಿತು

ಕನ್ನಡದಲ್ಲಿ ಕಲಾವಿದರ ಜೀವನಚರಿತ್ರೆಗಳಿಗೆ ಕೊರತೆಯಿಲ್ಲ. ಗಾಯಕರನ್ನೂ ನಟರನ್ನೂ ಚಿತ್ರಕಾರರನ್ನೂ ಕುರಿತು ಬಂದಿರುವ ಗ್ರಂಥಗಳನ್ನು, ಅಭಿನಂದನ ಸಂಪುಟಗಳನ್ನು ಒಟ್ಟಿಗೆ ಇರಿಸಿಕೊಂಡು ಓದಿದರೆ ಅವುಗಳಲ್ಲಿ ಬಹುಪಾಲು ಒಂದೇ ಕಥಾಸೂತ್ರ ಹರಿದಿರುವುದು ಗೋಚರವಾಗುತ್ತದೆ. ಹಳ್ಳಿಯಲ್ಲಿ ಹುಟ್ಟಿದ ಬಾಲಕ, ಮನೆಯ ಬಡತನ, ಆಕಸ್ಮಿಕವಾಗಿ ದೊರೆತ ಗುರುಕೃಪೆ, ಊರು ಬಿಟ್ಟು ಹೊರಡುವಿಕೆ, ಪುಣೆ ಮುಂಬಯಿ ಅಥವಾ ಬೆಂಗಳೂರಿನಲ್ಲಿ ಕೀರ್ತಿ, ಕಡೆಗೆ ಹುಟ್ಟೂರಿನಲ್ಲಿ ಒಂದು ಸನ್ಮಾನ. ಈ ಸೂತ್ರದಲ್ಲಿ ಊರು ಎಂಬುದು ಹೊರಡುವುದಕ್ಕೆ ಮಾತ್ರ ಇರುವ ಸ್ಥಳ. ಯಾರು ಹೊರಡಲಿಲ್ಲವೋ, ಕಲಿತ ವಿದ್ಯೆಯಿಂದಲೇ ತನ್ನ ಸೀಮೆಯಲ್ಲಿ ಬದುಕಿದನೋ ಅಂಥವನು ಈ ಗ್ರಂಥಗಳ ಅಡಿಟಿಪ್ಪಣಿಯಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ.

ಇದು ಬರಿಯ ಬರವಣಿಗೆಯ ದೋಷವಾಗಿದ್ದರೆ ನಾವು ಇಷ್ಟು ಚಿಂತಿಸಬೇಕಾಗಿರಲಿಲ್ಲ. ಆದರೆ ಚರಿತ್ರೆಯನ್ನು ಹೇಗೆ ಬರೆಯುತ್ತೇವೆಯೋ ಹಾಗೆಯೇ ಸಲಹೆಯನ್ನೂ ಕೊಡುತ್ತೇವೆ. ಕಾಲೇಜಿನಲ್ಲಿ ಒಬ್ಬ ವಿದ್ಯಾರ್ಥಿ ಚೆನ್ನಾಗಿ ಹಾಡಿದರೆ, ಇನ್ನೊಬ್ಬಳು ಒಳ್ಳೆಯ ಚಿತ್ರ ಬರೆದರೆ, ಅಧ್ಯಾಪಕರಾದ ನಾವು ಎರಡೇ ಮಾತು ಆಡುತ್ತೇವೆ: ಒಂದು, "ಬೆಂಗಳೂರಿಗೆ ಹೋಗು", ಎರಡು, "ಇದನ್ನು ಹವ್ಯಾಸವಾಗಿ ಇಟ್ಟುಕೊ, ಬಿ.ಎಡ್. ಮಾಡು". ಈ ಎರಡರ ನಡುವೆ ಮೂರನೆಯ ದಾರಿ ಇತ್ತೇ, ಇದ್ದರೆ ಅದು ಯಾವ ಆಧಾರದ ಮೇಲೆ ನಿಂತಿತ್ತು, ಈಗ ಅದಕ್ಕೆ ಏನಾಗಿದೆ ಎಂಬುದನ್ನು ಹನುಮಸಾಗರದ ಸುತ್ತಣ ಸೀಮೆಯನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಹನುಮಸಾಗರ ಕುಷ್ಟಗಿ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಬಡಗಣ ದಿಕ್ಕಿಗೆ ನೇಕಾರರ ಇಳಕಲ್ಲು, ಪಡುವಣ ದಿಕ್ಕಿಗೆ ಗಜೇಂದ್ರಗಡ, ಅದರಾಚೆ ಗದಗು. ಈ ಊರುಗಳ ನಡುವಿನ ಅಂತರ ಹೆಚ್ಚಿನದಲ್ಲ. ಆದರೆ ೧೯೪೮ರವರೆಗೆ ಇವುಗಳ ನಡುವೆ ಒಂದು ರಾಜ್ಯದ ಗಡಿ ಇತ್ತು. ಕುಷ್ಟಗಿ, ಯಲಬುರ್ಗಾ, ಕೊಪ್ಪಳ, ಗಂಗಾವತಿ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದವು. ಇಳಕಲ್ಲು, ಬಾದಾಮಿ, ಗದಗು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ೧೯೪೮ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ವಿಲೀನವಾಗಿ, ೧೯೫೬ರ ನವೆಂಬರಿನಲ್ಲಿ ಎರಡೂ ಕಡೆ ಒಂದೇ ರಾಜ್ಯವಾದವು. ಕೊಪ್ಪಳ ರಾಯಚೂರಿನಿಂದ ಬೇರ್ಪಟ್ಟು ತಾನೇ ಒಂದು ಜಿಲ್ಲೆಯಾದದ್ದು ೧೯೯೭ರಲ್ಲಿ. ಗಡಿಯ ಈಚೆಗೆ ಉರ್ದು ಮಾಧ್ಯಮದ ಶಾಲೆ, ಆಚೆಗೆ ಕನ್ನಡ ಶಾಲೆ. ಈಚೆಗೆ ಜಹಗೀರು, ಆಚೆಗೆ ವ್ಯಾಪಾರದ ಪೇಟೆ. ಹೀಗಿರುವಲ್ಲಿ ಈ ಕಡೆಯ ಪ್ರತಿಭೆಗಳು ಆಸರೆಗಾಗಿ ಪಡುವಣಕ್ಕೆ ಮುಖಮಾಡಿದ್ದು ಸಹಜವೇ ಸರಿ. ಕೊಪ್ಪಳ ಸೀಮೆಯ ಕಲೆಯ ಚರಿತ್ರೆಯನ್ನು ಕೊಪ್ಪಳದ ಗಡಿಯೊಳಗೆ ಮಾತ್ರ ನಿಂತು ಬರೆಯಲಾಗದೆಂಬುದನ್ನು ವಾಚಕರು ಮೊದಲಿಗೇ ಗಮನಿಸಬೇಕು. ಮುಂದೆ ನಾವು ಗದಗಿಗೂ ಬಾದಾಮಿಗೂ ಹೋಗಬೇಕಾಗಿ ಬರುವುದು ಈ ಕಾರಣದಿಂದ.

ಇನ್ನೂ ಹಿಂದಕ್ಕೆ ಹೋದರೆ ಒಂದು ಶಬ್ದ ನಮ್ಮ ಕೈಗೆ ಸಿಕ್ಕುತ್ತದೆ. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ದೇವಾಲಯಗಳ ಅಂಗಭೋಗ ರಂಗಭೋಗಗಳಿಗೆಂದು ಭೂಮಿಯನ್ನು ಬಿಟ್ಟ ಉಲ್ಲೇಖಗಳು ಹೇರಳವಾಗಿ ದೊರೆಯುತ್ತವೆ. ಕುಕನೂರಿನ ಬಳಿಯ ಇಟಗಿಯಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ೧೧೧೨ರಲ್ಲಿ ಕಟ್ಟಿಸಿದ ಮಹಾದೇವ ದೇವಾಲಯವನ್ನು ನೋಡಿದವರು ಆ ಶಿಲ್ಪಿಗಳ ಕೈಯನ್ನು ಹೊಗಳಿ ಹಿಂದಿರುಗುತ್ತಾರೆ. ಆ ಕೈಗೆ ಅನ್ನ ಎಲ್ಲಿಂದ ಬಂದಿತೆಂದು ಕೇಳುವವರು ವಿರಳ. ಶಾಸನಗಳಲ್ಲಿ "ವೃತ್ತಿ" ಎಂಬ ಮಾತಿಗೆ ಉದ್ಯೋಗವೆಂಬುದಕ್ಕಿಂತ ಮೊದಲು ಬರುವ ಅರ್ಥ ಜೀವನಕ್ಕಾಗಿ ಬಿಟ್ಟುಕೊಟ್ಟ ಪಾಲು. ಕೆಲಸ ಮಾಡುವವನಿಗೆ ಮೊದಲು ವೃತ್ತಿ ಗೊತ್ತಾಗುತ್ತಿತ್ತು; ಆ ವೃತ್ತಿಯ ಆಧಾರದ ಮೇಲೆ ಅವನ ವಿದ್ಯೆ ಮಗನಿಗೆ, ಶಿಷ್ಯನಿಗೆ ಇಳಿಯುತ್ತಿತ್ತು. ಇಂದು ನಾವು ಇದನ್ನು ತಲೆಕೆಳಗು ಮಾಡಿದ್ದೇವೆ. ಮೊದಲು ವಿದ್ಯೆ, ಅನಂತರ ಪ್ರಮಾಣಪತ್ರ, ವೃತ್ತಿ ದೈವೇಚ್ಛೆ. ಹಳೆಯ ವ್ಯವಸ್ಥೆ ನ್ಯಾಯವಾದುದೆಂದು ನಾವು ವಾದಿಸುತ್ತಿಲ್ಲ. ಜಾತಿಗೆ ಅಂಟಿಕೊಂಡಿದ್ದ ಆ ಪಾಲು ಹೊರಗಿನವನಿಗೆ ಬಾಗಿಲು ಮುಚ್ಚಿತ್ತೆಂಬುದು ನಿರ್ವಿವಾದ. ಆದರೆ ವಿದ್ಯೆ, ವೃತ್ತಿಗಳೆರಡೂ ಒಂದೇ ಪ್ರಶ್ನೆಯ ಎರಡು ಭಾಗಗಳೆಂಬ ತಿಳಿವಳಿಕೆ ಆ ಕಾಲಕ್ಕೆ ಇತ್ತು.

ಈ ತಿಳಿವಳಿಕೆಯನ್ನು ಜಾತಿಯ ಕಟ್ಟಿನಿಂದ ಬಿಡಿಸಿ ಆಧುನಿಕ ಕಾಲದಲ್ಲಿ ಪುನಃ ಆಚರಣೆಗೆ ತಂದ ಸಂಸ್ಥೆ ಯಾವುದೆಂದು ಕೇಳಿದರೆ ನಾವು ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ತೋರಿಸುತ್ತೇವೆ. ಇದನ್ನು ಕುರಿತು ಬಂದಿರುವ ಬರಹಗಳೆಲ್ಲ ಭಕ್ತಿಯಿಂದ ಕೂಡಿವೆ. ಭಕ್ತಿಗೆ ನಮ್ಮ ಆಕ್ಷೇಪಣೆ ಇಲ್ಲ. ಆದರೆ ಭಕ್ತಿಯ ಮುಸುಕಿನಲ್ಲಿ ಆ ಸಂಸ್ಥೆಯ ರಚನೆಯಲ್ಲಿದ್ದ ವ್ಯವಹಾರಜ್ಞಾನ ಮರೆಯಾಗಿದೆ.

೧೮೯೨ರಲ್ಲಿ ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟುಗುರುಡನಾಗಿ ಜನಿಸಿದ ಗದಿಗೆಯ್ಯನೆಂಬ ಬಾಲಕನನ್ನು ಹಾನಗಲ್ಲ ಕುಮಾರಸ್ವಾಮಿಗಳು ಆಶ್ರಯಕ್ಕೆ ತೆಗೆದುಕೊಂಡರು. ೧೯೦೯ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದವರು ಇವರೇ. ಬಾಲಕನನ್ನು ಮೈಸೂರಿಗೆ ಕಳುಹಿಸಿ ಕರ್ನಾಟಕ ಸಂಗೀತವನ್ನು ಕಲಿಸಿದರು; ಅನಂತರ ನೀಲಕಂಠಬುವಾ ಮಿರಜಕರ ಅವರಲ್ಲಿ ಹಿಂದೂಸ್ತಾನಿ ಪದ್ಧತಿಯ ಶಿಕ್ಷಣ ದೊರೆಯಿತು. ಈ ಬಾಲಕನೇ ಮುಂದೆ ಪಂಚಾಕ್ಷರಿ ಗವಾಯಿಗಳೆಂದು ಪ್ರಸಿದ್ಧರಾದರು. ಅವರ ಪಾಠಶಾಲೆ ಬಹುಕಾಲ ಊರಿಂದೂರಿಗೆ ಸಂಚರಿಸುತ್ತಲೇ ಇದ್ದು, ಕಡೆಗೆ ಬಸರಿಗಿಡದ ವೀರಪ್ಪನವರ ಔದಾರ್ಯದಿಂದ ಗದಗಿನಲ್ಲಿ ನೆಲೆಗೊಂಡಿತು. ೧೯೪೪ರಲ್ಲಿ ಗವಾಯಿಗಳು ತೀರಿಕೊಂಡ ಮೇಲೆ ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಆಶ್ರಮದ ಹೊಣೆ ಹೊತ್ತರು. ಇವರೂ ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡವರು. ೧೯೧೪ರಲ್ಲಿ ಹುಟ್ಟಿ ೨೦೧೦ರಲ್ಲಿ ನಿಧನ ಹೊಂದುವವರೆಗೆ ಆರು ದಶಕಗಳಿಗೂ ಮೀರಿ ಅದನ್ನು ನಡೆಸಿದರು.

ಇಲ್ಲಿ ನಾವು ಗಮನಿಸಬೇಕಾದದ್ದು ಮೂರು ಸಂಗತಿಗಳ ಹೊಂದಾಣಿಕೆ. ಕುರುಡ ಮಕ್ಕಳೂ ಬಡ ಮಕ್ಕಳೂ ಅಲ್ಲಿ ಊಟ ವಸತಿಯೊಡನೆ ಕಲಿತರು, ಶುಲ್ಕವೆಂಬುದು ಇರಲಿಲ್ಲ. ಸಂಸ್ಥೆಯನ್ನು ಸಾಕುವುದಕ್ಕಾಗಿ ಆಶ್ರಮವೇ ಒಂದು ನಾಟಕ ಕಂಪನಿಯನ್ನು ಕಟ್ಟಿ ಊರೂರು ತಿರುಗಿಸಿತು. ಮುಂದೆ ಭಕ್ತರು ಪುಟ್ಟರಾಜರಿಗೆ ಊರೂರುಗಳಲ್ಲಿ ತುಲಾಭಾರ ಮಾಡಿದಾಗ ಆ ನಾಣ್ಯವೂ ಮಕ್ಕಳ ಅನ್ನಕ್ಕೇ ಸಂದಿತು. ಹೀಗಾಗಿ ಕಲಿಯುವ ಹುಡುಗನಿಗೆ ರಂಗ ಬೇರೆ, ಪಾಠ ಬೇರೆ ಆಗಿರಲಿಲ್ಲ. ಪೇಟಿ, ತಬಲ, ಪಿಟೀಲುಗಳನ್ನು ಕಲಿತವನು ಜನರ ಮುಂದೆ ನುಡಿಸಿಯೇ ಕಲಿತನು. ಕಲಿತು ಹೊರಬಿದ್ದವನಿಗೆ ಉತ್ತರ ಕರ್ನಾಟಕದ ಮಠಗಳು, ಪುರಾಣ ಪ್ರವಚನಗಳು, ನಾಟಕ ಕಂಪನಿಗಳು, ಭಜನಾ ಮೇಳಗಳು ಕಾಯ್ದುಕೊಂಡಿದ್ದವು. ಶ್ರಾವಣಮಾಸದಲ್ಲಿ ಒಂದು ತಿಂಗಳ ಪುರಾಣ ನಡೆಯುವ ಊರಿಗೆ ಒಬ್ಬ ಗವಾಯಿ, ಒಬ್ಬ ತಬಲಜಿ ಬೇಕೇ ಬೇಕು. ಈ ಬೇಡಿಕೆಯನ್ನು ಆಶ್ರಮ ಸೃಷ್ಟಿಸಲಿಲ್ಲ. ಇದ್ದುದನ್ನು ಗುರುತಿಸಿ ಅದಕ್ಕೆ ತಕ್ಕಂತೆ ಮಕ್ಕಳನ್ನು ಸಿದ್ಧಗೊಳಿಸಿತು. ಬಸವರಾಜ ರಾಜಗುರುಗಳಂಥ ಮಹಾಗಾಯಕರು ಈ ಪರಂಪರೆಯಿಂದ ಹೊರಬಂದುದನ್ನು ಎಲ್ಲರೂ ಬರೆಯುತ್ತಾರೆ. ಅದೇ ಪರಂಪರೆ ಹಳ್ಳಿಯ ಪುರಾಣದ ಕಟ್ಟೆಗೆ ಒದಗಿಸಿದ ಗವಾಯಿಗಳನ್ನು ಕುರಿತು ಬರೆದವರು ವಿರಳ. ನಮ್ಮ ಅಭಿಪ್ರಾಯದಲ್ಲಿ ಸಂಸ್ಥೆಯ ನಿಜವಾದ ಸಾಧನೆ ಈ ಎರಡನೆಯದು.

ಒಂದು ನಿದರ್ಶನ ನಮ್ಮ ವಾದಕ್ಕೆ ವಿಶೇಷವಾಗಿ ಒದಗುತ್ತದೆ. ಇಂದು ಖಯಾಲ್ ಗಾಯನದಲ್ಲಿ ಅಗ್ರಗಣ್ಯರಾದ ಎಂ. ವೆಂಕಟೇಶಕುಮಾರರು ೧೯೫೩ರಲ್ಲಿ ಬಳ್ಳಾರಿ ಜಿಲ್ಲೆಯ ಲಕ್ಷ್ಮೀಪುರದಲ್ಲಿ ಹುಟ್ಟಿದವರು. ತಂದೆ ಜನಪದ ಗಾಯಕರು, ಗೊಂಬೆಯಾಟದವರು. ಸೋದರಮಾವ ಬೆಳಗಲ್ಲು ವೀರಣ್ಣನವರು ಬಾಲಕನನ್ನು ಗದಗಿನ ಆಶ್ರಮಕ್ಕೆ ಸೇರಿಸಿದರು. ಹನ್ನೆರಡು ವರ್ಷಗಳ ಕಾಲ ಅಲ್ಲಿ ಶಿಕ್ಷಣ ನಡೆಯಿತು. ಗೊಂಬೆಯಾಟದ ಮನೆಯ ಹುಡುಗ ಗ್ವಾಲಿಯರ್, ಕಿರಾಣಾ ಪದ್ಧತಿಗಳ ಗಾಯಕನಾಗುವುದಕ್ಕೆ ಮಾರ್ಗ ತೆರೆದಿತ್ತೆಂಬುದು ಒಂದು ಸಂಗತಿ; ಅನಂತರ ಅವರು ಧಾರವಾಡದ ವಿಶ್ವವಿದ್ಯಾಲಯದ ಸಂಗೀತ ಮಹಾವಿದ್ಯಾಲಯದಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ಅಧ್ಯಾಪಕರಾಗಿ ಸೀಮೆಯಲ್ಲಿಯೇ ಉಳಿದರೆಂಬುದು ಇನ್ನೊಂದು. ಮೊದಲನೆಯದನ್ನು ಎಲ್ಲರೂ ಹೊಗಳುತ್ತಾರೆ. ಎರಡನೆಯದಕ್ಕೆ ಕಾರಣವಾದದ್ದು ಒಂದು ಸಂಬಳದ ಹುದ್ದೆ ಎಂಬುದನ್ನು ನಾವು ಒತ್ತಿ ಹೇಳಬೇಕಾಗಿದೆ.

ಇದೇ ದೃಷ್ಟಿಯಿಂದ ನೋಡಿದರೆ ಧಾರವಾಡದಲ್ಲಿ ೧೯೫೦ರ ಜನವರಿಯಲ್ಲಿ ಆರಂಭವಾದ ಆಕಾಶವಾಣಿ ಕೇಂದ್ರಕ್ಕೆ ಕಲೆಯ ಚರಿತ್ರೆಯಲ್ಲಿ ಸಲ್ಲಬೇಕಾದ ಸ್ಥಾನ ಇನ್ನೂ ಸಂದಿಲ್ಲ. ಮಲ್ಲಿಕಾರ್ಜುನ ಮನ್ಸೂರರು ಆ ಕೇಂದ್ರಕ್ಕೆ ಸಂಗೀತ ಸಲಹೆಗಾರರಾಗಿದ್ದರು; ಅವರು ಧಾರವಾಡ ಬಿಡಲಿಲ್ಲ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಸವಾಯಿ ಗಂಧರ್ವರಲ್ಲಿ ಕಲಿತರು. ಅವರೂ ಹುಬ್ಬಳ್ಳಿಯನ್ನು ಬಿಡಲಿಲ್ಲ. ಊರು ಬಿಟ್ಟವರ ಪೈಕಿ ಅತ್ಯಂತ ಪ್ರಸಿದ್ಧರಾದ ಭೀಮಸೇನ ಜೋಶಿಯವರ ಕಥೆಯಲ್ಲಿಯೂ ಒಂದು ವಿನೋದವಿದೆ. ೧೯೩೩ರಲ್ಲಿ ಹನ್ನೊಂದು ವರ್ಷದ ಬಾಲಕ ಗುರುವನ್ನು ಅರಸಿಕೊಂಡು ಗದಗಿನ ಮನೆ ಬಿಟ್ಟು ಗ್ವಾಲಿಯರ್, ಕಲ್ಕತ್ತೆ, ಜಲಂಧರಗಳವರೆಗೆ ಅಲೆದನು. ಜಲಂಧರದಲ್ಲಿ ದೊರೆತ ಉತ್ತರವೇನೆಂದರೆ, ನಿನ್ನ ಗುರು ನಿನ್ನ ಸೀಮೆಯ ಕುಂದಗೋಳದಲ್ಲಿಯೇ ಇದ್ದಾರೆ ಎಂಬುದು! ಈ ಪ್ರಸಂಗವನ್ನು ಬಾಲಕನ ಹಟಕ್ಕೆ ಸಾಕ್ಷಿಯಾಗಿ ಉದಾಹರಿಸುವುದು ವಾಡಿಕೆ. ಸಮೀಪದಲ್ಲಿರುವ ಗುರುವನ್ನು ಸಮೀಪದ ಹುಡುಗನಿಗೆ ತೋರಿಸಿಕೊಡುವವರು ಊರಿನಲ್ಲಿ ಇರಲಿಲ್ಲವೆಂಬುದಕ್ಕೂ ಅದು ಸಾಕ್ಷಿಯೇ. ದಾರಿ ತೋರಿಸುವ ಈ ಕೆಲಸಕ್ಕೆ ದೊಡ್ಡ ಪಾಂಡಿತ್ಯ ಬೇಡ. ಸೀಮೆಯಲ್ಲಿ ಯಾರು ಏನು ಬಲ್ಲರೆಂಬ ತಿಳಿವಳಿಕೆ ಸಾಕು. ಬೆಳಗಲ್ಲು ವೀರಣ್ಣನವರು ಅಳಿಯನಿಗೆ ಮಾಡಿದ್ದು ಇದನ್ನೇ.

ಆಶ್ರಮದ ದೋಷಗಳನ್ನೂ ಹೇಳದೆ ಬಿಡುವಂತಿಲ್ಲ. ಅದರ ಆರ್ಥಿಕತೆ ಒಬ್ಬ ವ್ಯಕ್ತಿಯ ಮೇಲಿನ ಜನರ ಶ್ರದ್ಧೆಯನ್ನು ಬಹುವಾಗಿ ಅವಲಂಬಿಸಿತ್ತು. ಅಂಥ ಶ್ರದ್ಧೆಯನ್ನು ಉತ್ತರಾಧಿಕಾರವಾಗಿ ಪಡೆಯುವುದು ಸುಲಭವಲ್ಲ. ಗುರುವಿನ ಮಾತೇ ಕೊನೆಯದಾದಲ್ಲಿ ಶಿಷ್ಯನ ಸ್ವತಂತ್ರ ವಿಚಾರಕ್ಕೆ ಎಡೆ ಕಿರಿದಾಗುತ್ತದೆ. ಹುಡುಗಿಯರಿಗೆ ಹುಡುಗರಷ್ಟು ಸಲೀಸಾಗಿ ಆ ಬಾಗಿಲು ತೆರೆಯಲಿಲ್ಲ.

ನಾಟಕ ಕಂಪನಿಗಳ ಮಾತು ಇಲ್ಲಿ ಬರಬೇಕು. ಅವುಗಳನ್ನು ಕನ್ನಡದಲ್ಲಿ "ವೃತ್ತಿ ರಂಗಭೂಮಿ" ಎಂದು ಕರೆಯುವುದರಲ್ಲಿಯೇ ನಾವು ಹೇಳಬೇಕೆಂದಿರುವುದು ಅಡಗಿದೆ. ಗದಗಿನ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ, ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯಸಂಘ ಇವು ಶಾಲೆಗಳೆಂದು ಹೇಳಿಕೊಳ್ಳಲಿಲ್ಲ. ಆದರೆ ಶಾಲೆಗಳ ಕೆಲಸವನ್ನು ಮಾಡಿದವು. ಬಾಲಪಾತ್ರಕ್ಕೆ ಸೇರಿದ ಹುಡುಗನಿಗೆ ಊಟ ಇತ್ತು, ಅಲ್ಪವಾದರೂ ಸಂಬಳವಿತ್ತು, ದಿನವೂ ಪ್ರೇಕ್ಷಕರಿದ್ದರು. ಮನ್ಸೂರರನ್ನು ನೀಲಕಂಠಬುವಾ ಮೊದಲು ಕೇಳಿದ್ದು ನಾಟಕದಲ್ಲಿ. ರಾಜಗುರುಗಳು ಬಾಲ್ಯದಲ್ಲಿ ವಾಮನರಾವ್ ಮಾಸ್ತರರ ಕಂಪನಿಯಲ್ಲಿ ಹಾಡುವ ನಟರಾಗಿದ್ದರು. ಹಳೆಯ ಮೈಸೂರಿನ ಕಡೆ ಗುಬ್ಬಿ ವೀರಣ್ಣನವರು ತಮ್ಮ ಕಂಪನಿಗೆ ಓಡಿಬಂದ ಹುಡುಗ ಬಿ. ವಿ. ಕಾರಂತನನ್ನು ಕಾಶಿಗೆ ಕಳುಹಿಸಿ ಓದಿಸಿದುದು ಸುಪ್ರಸಿದ್ಧ. ಕಂಪನಿಯ ಮಾಲೀಕನು ಗುರುವೂ ಆಗಿದ್ದನು, ಯಜಮಾನನೂ ಆಗಿದ್ದನು. ಇದರಿಂದ ಶೋಷಣೆಯೂ ಆಗಿದೆ. ಗಂಡುಹುಡುಗರಿಗೆ ದನಿ ಒಡೆದ ವರ್ಷ ಕೆಲಸ ಹೋದದ್ದೂ ಉಂಟು, ಶಾಲೆಯ ಓದು ತಪ್ಪಿದ್ದಂತೂ ಸರಿಯೇ ಸರಿ.

ಹನುಮಸಾಗರದ ಕಡೆಯವರಿಗೆ ಈ ಲೋಕದ ದೊಡ್ಡ ಕೂಟವೆಂದರೆ ಬನದ ಹುಣ್ಣಿಮೆಯಲ್ಲಿ ಸೇರುವ ಬಾದಾಮಿಯ ಬನಶಂಕರಿ ಜಾತ್ರೆ. ತೇರು ಎಳೆದ ಮೇಲೂ ವಾರಗಟ್ಟಲೆ ಅಲ್ಲಿ ಹಲವು ಕಂಪನಿಗಳು ಡೇರೆ ಹಾಕಿ ಒಂದೇ ರಾತ್ರಿಯಲ್ಲಿ ಎದುರುಬದುರಾಗಿ ಆಡುತ್ತವೆ. ಬೇರೆ ಬೇರೆ ಊರುಗಳ ನಷ್ಟವನ್ನು ಕಂಪನಿಗಳು ಈ ಜಾತ್ರೆಯ ಗಲ್ಲೆಯಿಂದ ತುಂಬಿಕೊಳ್ಳುವ ಆಸೆ ಇಟ್ಟುಕೊಂಡಿರುತ್ತವೆ. ಹುನಗುಂದ ಸೀಮೆಯ ಪಿ. ಬಿ. ಧುತ್ತರಗಿಯವರ "ಸಂಪತ್ತಿಗೆ ಸವಾಲ್" ಇಂಥ ರಂಗದಿಂದಲೇ ಬೆಳೆದು ೧೯೭೪ರಲ್ಲಿ ಚಲನಚಿತ್ರವಾಯಿತು. ವಿದ್ಯಾವಂತರು ಈ ನಾಟಕಗಳ ದ್ವಂದ್ವಾರ್ಥದ ಮಾತುಗಳನ್ನು ಕಂಡು ಮೂಗು ಮುರಿಯುತ್ತಾರೆ. ಮುರಿಯಲಿ, ಆದರೆ ಸರ್ಕಾರದ ಅನುದಾನವಿಲ್ಲದೆ, ಚೀಟಿ ಕೊಂಡು ಬಂದ ರೈತನ ದುಡ್ಡಿನಿಂದ ನಟನಿಗೂ ಪೇಟಿ ಮಾಸ್ತರನಿಗೂ ಪರದೆ ಬರೆಯುವವನಿಗೂ ಕೂಲಿ ಕೊಡುವ ರಂಗ ಈ ಸೀಮೆಯಲ್ಲಿ ಇನ್ನಾವುದಿದೆ ಎಂಬುದಕ್ಕೆ ಅವರು ಉತ್ತರ ಹೇಳಬೇಕು.

ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಪೋಷಣೆಯ ಇನ್ನೊಂದು ರೂಪವಿದೆ. ಅಲ್ಲಿಯ ಚಿತ್ರಗಾರ ಮನೆತನಗಳು ತಮ್ಮ ಪೂರ್ವಿಕರು ಹಂಪೆಯ ವಿರೂಪಾಕ್ಷ ದೇವಾಲಯದ ಭಿತ್ತಿಚಿತ್ರಗಳನ್ನು ಬರೆದವರೆಂದು ಹೇಳಿಕೊಳ್ಳುತ್ತವೆ. ಹಗುರವಾದ ಮರವನ್ನು ಕೆತ್ತಿ, ಭಾಗಗಳನ್ನು ಹುಣಸೆಬೀಜದ ಅಂಟಿನಿಂದ ಜೋಡಿಸಿ, ನೆನೆಸಿ ಒಣಗಿಸಿ ಪುಡಿಮಾಡಿದ ಗೋಣಿಯ ಚಿಂದಿಗೆ ಮರದ ಹೊಟ್ಟನ್ನೂ ಅದೇ ಅಂಟನ್ನೂ ಬೆರೆಸಿದ ಕಿಟ್ಟದಿಂದ ಮೈ ತುಂಬಿ, ಬೆಣಚುಕಲ್ಲಿನ ಪುಡಿಯ ಲೇಪದ ಮೇಲೆ ಬಣ್ಣ ಹಚ್ಚುವುದು ಇಲ್ಲಿಯ ಪದ್ಧತಿ. ಗರುಡನ ಮೂರ್ತಿಗೆ ಹನ್ನೆರಡು ಭಾಗಗಳು, ಪೀಠದ ಮೇಲಿನ ಗಣಪತಿಗೆ ಇಪ್ಪತ್ತೆರಡು. ತವರವನ್ನು ಅಂಟಿನೊಡನೆ ಅರೆದು ಚಿನ್ನದ ಹೊಳಪು ತರುವ ಲಾಜವಾರ ವಿಧಾನ ಇವರ ವಿಶೇಷ. ಇದನ್ನು ನೋಡುವವರು ಸಾಮಾನ್ಯವಾಗಿ ಮರದ ಮೂರ್ತಿಗಳನ್ನು ಮಾತ್ರ ಹೊಗಳುತ್ತಾರೆ. ನಮಗೆ ಹೆಚ್ಚು ಮುಖ್ಯವೆಂದು ತೋರುವುದು ಇವರ ಕೆಲಸದ ಪಂಚಾಂಗ: ಹೋಳಿಗೂ ಕಾರಹುಣ್ಣಿಮೆಗೂ ಮಣ್ಣಿನ ಗೊಂಬೆ, ಚೌತಿಗೆ ಮಣ್ಣಿನ ಗಣಪತಿ, ದೀಪಾವಳಿಗೆ ಸಗಣಿಯ ಗೊಂಬೆ. ಮಣ್ಣೂ ಸಗಣಿಯೂ ಅಗ್ಗದ ಸಾಮಗ್ರಿ. ಮಗುವಿನ ಕೈ ತಪ್ಪಿದರೆ ನಷ್ಟವಿಲ್ಲ. ಸರಿಯಾಗಿ ಬಂದರೆ ಅದು ಮಾರಾಟವಾಗುತ್ತದೆ. ಕೈ ಪಳಗುವುದಕ್ಕೂ ಕಾಸು ಬರುವುದಕ್ಕೂ ಒಂದೇ ಹಬ್ಬ ಒದಗುವಂಥ ಈ ಏರ್ಪಾಡನ್ನು ಯಾವ ಚಿತ್ರಕಲಾ ಶಾಲೆಯೂ ರೂಪಿಸಿಲ್ಲ. ಈಗ ಕಿನ್ನಾಳದ ಆಟಿಕೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಇಳಕಲ್ಲ ಸೀರೆಗೂ ದೊರೆತಿದೆ. ಈ ಮಾನ್ಯತೆ ಹೆಸರನ್ನು ಕಾಯುತ್ತದೆ. ಕಲಿಯುವವನನ್ನು ಕಾಯುವುದು ಅದರ ಕೆಲಸವಲ್ಲ. ಬೇರೆ ಮನೆತನದ ಹುಡುಗನೊಬ್ಬ ಬಂದು ಕಲಿಯುತ್ತೇನೆಂದರೆ ಅವನನ್ನು ಕೂರಿಸಿಕೊಳ್ಳುವುದಕ್ಕೆ ಚಿತ್ರಗಾರನಿಗೆ ಅದು ಯಾವ ಕಾರಣವನ್ನೂ ಒದಗಿಸುವುದಿಲ್ಲ.

ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ೨೦೨೫ರಲ್ಲಿ ಪದ್ಮಶ್ರೀ ಪ್ರಶಸ್ತಿ ಘೋಷಣೆಯಾದಾಗ ಜಿಲ್ಲೆಯೇ ಸಂತೋಷಪಟ್ಟಿತು. ತೊಗಲುಗೊಂಬೆಯಾಟವನ್ನು ಮನೆತನದಿಂದ ಪಡೆದು, ರಾಮಾಯಣ ಮಹಾಭಾರತಗಳನ್ನು ಪರದೆಯ ಹಿಂದೆ ಕುಳಿತು ದೇಶವಿದೇಶಗಳಿಗೆ ಒಯ್ದ ಈ ತಾಯಿಗೆ ಗೌರವ ಬಂದಾಗ ವಯಸ್ಸು ತೊಂಬತ್ತನ್ನು ಮೀರಿತ್ತು. ಗೌರವ ಸಂದದ್ದು ಯೋಗ್ಯರಿಗೆ ಎಂಬುದರಲ್ಲಿ ಎರಡು ಮಾತಿಲ್ಲ. ನಮ್ಮ ವಿಮರ್ಶೆ ಪ್ರಶಸ್ತಿಗಳ ಸ್ವಭಾವವನ್ನು ಕುರಿತದ್ದು. ಪ್ರಶಸ್ತಿ ಮುಗಿದ ಸಾಧನೆಗೆ ಸಲ್ಲುವ ಕಾಣಿಕೆ. ಪರದೆಯ ಹಿಂದೆ ಗೊಂಬೆ ಎತ್ತಿಕೊಡುತ್ತ ಕುಳಿತ ಹದಿನಾಲ್ಕು ವರ್ಷದ ಮೊಮ್ಮಗಳಿಗೆ ಆ ರಾತ್ರಿಯ ಕೂಲಿ ಯಾರು ಕೊಡುತ್ತಾರೆ ಎಂಬ ಪ್ರಶ್ನೆಗೂ ಪ್ರಶಸ್ತಿಗೂ ಸಂಬಂಧವಿಲ್ಲ. ಹಿಂದೆ ಮಳೆ ಬಾರದಿದ್ದರೆ ಊರವರು ಗೊಂಬೆಯಾಟ ಆಡಿಸುತ್ತಿದ್ದರು. ಅದು ನಂಬಿಕೆಯೂ ಹೌದು, ಅದೇ ಮೇಳಕ್ಕೆ ವೃತ್ತಿಯೂ ಹೌದು. ನಂಬಿಕೆ ಸಡಿಲಿದಾಗ ವೃತ್ತಿಯೂ ಹೋಯಿತು. ಅದರ ಸ್ಥಳದಲ್ಲಿ ನಾವು ಇಟ್ಟದ್ದು ವರ್ಷಕ್ಕೊಮ್ಮೆ ಬರುವ ಉತ್ಸವದ ಇಪ್ಪತ್ತು ನಿಮಿಷದ ಪ್ರದರ್ಶನ.

ಈಗಿನ ಸರ್ಕಾರಿ ಯೋಜನೆಗಳನ್ನು ಇದೇ ಒರೆಗಲ್ಲಿಗೆ ಹಚ್ಚಿ ನೋಡೋಣ. ಕೇಂದ್ರ ಸಂಸ್ಕೃತಿ ಮಂತ್ರಾಲಯದ ತರುಣ ಕಲಾವಿದರ ವಿದ್ಯಾರ್ಥಿವೇತನ ೧೮ರಿಂದ ೨೫ ವಯಸ್ಸಿನವರಿಗೆ ತಿಂಗಳಿಗೆ ೫,೦೦೦ ರೂಪಾಯಿಯಂತೆ ಎರಡು ವರ್ಷ ಕೊಡುವ ಏರ್ಪಾಡು. ದೇಶಕ್ಕೆಲ್ಲ ಸೇರಿ ನಾನೂರು ಮಂದಿಗೆ. ಹತ್ತರಿಂದ ಹದಿನಾಲ್ಕು ವಯಸ್ಸಿನ ಮಕ್ಕಳಿಗೆ ಬೇರೊಂದು ವಿದ್ಯಾರ್ಥಿವೇತನವೂ ಇದೆ. ತಂಜಾವೂರಿನ ದಕ್ಷಿಣ ವಲಯ ಸಾಂಸ್ಕೃತಿಕ ಕೇಂದ್ರದಂಥ ಸಂಸ್ಥೆಗಳು ಗುರುಶಿಷ್ಯ ಪರಂಪರೆಯ ಹೆಸರಿನಲ್ಲಿ ಗುರುವಿಗೂ ಶಿಷ್ಯರಿಗೂ ಗೌರವಧನ ಕೊಡುತ್ತವೆ. ಇವನ್ನು ತಿರಸ್ಕರಿಸುವುದು ನಮ್ಮ ಉದ್ದೇಶವಲ್ಲ; ಹಳ್ಳಿಯ ಮನೆಗೆ ತಿಂಗಳಿಗೆ ಐದು ಸಾವಿರ ಸಣ್ಣ ಮೊತ್ತವೇನಲ್ಲ. ಆದರೆ ಇವೆಲ್ಲವೂ ಕಲಿಕೆಯ ಅವಧಿಗೆ ಸಹಾಯ ಮಾಡುತ್ತವೆ, ಕಲಿತ ಮರುದಿನಕ್ಕಲ್ಲ. ಹನುಮಸಾಗರದ ಹುಡುಗಿ ಎರಡು ವರ್ಷ ವೇತನ ಪಡೆದು ತಬಲ ಕಲಿತಳೆಂದು ಇಟ್ಟುಕೊಳ್ಳೋಣ. ಮೂರನೆಯ ವರ್ಷದ ಮೊದಲ ತಿಂಗಳು ಅವಳ ಮುಂದೆ ಏನಿದೆ? ಪ್ರೌಢಶಾಲೆಗಳಲ್ಲಿ ಸಂಗೀತ ಶಿಕ್ಷಕರ ಹುದ್ದೆ ಅಪರೂಪ. ಪುರಾಣದ ಕಟ್ಟೆಯಲ್ಲಿ ಹೆಣ್ಣುಮಗಳನ್ನು ಕೂರಿಸುವ ರೂಢಿ ಕಡಮೆ. ಮದುವೆಯಲ್ಲಿ ಧ್ವನಿವರ್ಧಕದ ಪೆಟ್ಟಿಗೆಗಳು ಬಂದು ಕುಳಿತಿವೆ. ಅವಳು ಬಿ.ಎಡ್. ಮಾಡುತ್ತಾಳೆ, ನಾವೇ ಹೇಳಿರುತ್ತೇವಲ್ಲ!

ವೃತ್ತಿಯ ಪ್ರಶ್ನೆಯನ್ನು ಮರೆಯದೆ ಶಿಕ್ಷಣವನ್ನು ರೂಪಿಸಿದ ನಿದರ್ಶನ ಸ್ವಾತಂತ್ರ್ಯೋತ್ತರ ಕರ್ನಾಟಕದಲ್ಲಿ ಇಲ್ಲದಿಲ್ಲ. ಮಲೆನಾಡಿನ ಹೆಗ್ಗೋಡಿನಲ್ಲಿ ೧೯೪೯ರಲ್ಲಿ ಊರವರ ನಾಟಕಸಂಘವಾಗಿ ಹುಟ್ಟಿದ ನೀನಾಸಮ್, ಕೆ. ವಿ. ಸುಬ್ಬಣ್ಣನವರ ನೇತೃತ್ವದಲ್ಲಿ ೧೯೮೦ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆಯಿತು. ಐದು ವರ್ಷಗಳಲ್ಲಿಯೇ, ೧೯೮೫ರಲ್ಲಿ, ಕಲಿತವರಿಗೆ ಸಂಬಳ ಕೊಟ್ಟು ರಾಜ್ಯವನ್ನೆಲ್ಲ ಸುತ್ತಿಸುವ "ತಿರುಗಾಟ"ವನ್ನು ಆರಂಭಿಸಿತು. ಇಲ್ಲಿ ಕ್ರಮವನ್ನು ಗಮನಿಸಬೇಕು. ಮೊದಲು ಮೂವತ್ತು ವರ್ಷ ಪ್ರೇಕ್ಷಕರನ್ನು ಬೆಳೆಸಿದರು, ಆಮೇಲೆ ಶಾಲೆ ತೆರೆದರು, ಅದರ ಬೆನ್ನಿಗೇ ಕಲಿತವರಿಗೆ ಕೆಲಸ ಕಲ್ಪಿಸಿದರು. ನಮ್ಮ ಕಡೆ ಹೆಗ್ಗೋಡನ್ನು ಅನುಕರಿಸಹೊರಟವರು ಸಾಮಾನ್ಯವಾಗಿ ಮಧ್ಯದ ಮೆಟ್ಟಿಲಿನಿಂದ ಆರಂಭಿಸುತ್ತಾರೆ: ಬೇಸಿಗೆಯಲ್ಲಿ ಹತ್ತು ದಿನದ ಶಿಬಿರ, ಸಮಾರೋಪ, ಪ್ರಮಾಣಪತ್ರ. ಶಿಬಿರ ಮುಗಿದ ಮೇಲೆ ಮಕ್ಕಳಿಗೆ ಉಳಿಯುವುದು ಒಂದು ಭಾವಚಿತ್ರ. ವಿಚಿತ್ರವೆಂದರೆ ನಮ್ಮ ಸೀಮೆಯಲ್ಲಿ ಹೆಗ್ಗೋಡಿನವರು ಕಷ್ಟಪಟ್ಟು ಬೆಳೆಸಿಕೊಂಡ ಆ ಪ್ರೇಕ್ಷಕವರ್ಗ ಜಾತ್ರೆ, ಪುರಾಣ, ಉರುಸು, ದೊಡ್ಡಾಟಗಳ ಮೂಲಕ ಮೊದಲಿನಿಂದಲೂ ಸಿದ್ಧವಾಗಿಯೇ ಇದೆ.

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪಣೆಯನ್ನು ಎದುರಿಸಬೇಕಾಗುತ್ತದೆ. ಕಲೆಯನ್ನು ಅನ್ನದ ದೃಷ್ಟಿಯಿಂದ ಅಳೆಯುವುದು ಕಲೆಗೆ ಅಪಚಾರ. ಜನರ ಬೇಡಿಕೆಗೆ ತಕ್ಕಂತೆ ಎಳೆಯರನ್ನು ಸಿದ್ಧಗೊಳಿಸಿದರೆ ಹೊಸತನ ಸತ್ತು ಕಸುಬು ಮಾತ್ರ ಉಳಿಯುತ್ತದೆ ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಮನ್ಸೂರರ ಅಪರೂಪದ ರಾಗಗಳನ್ನು ಕೇಳಲು ಯಾವ ಜಾತ್ರೆಯ ಜನವೂ ಬೇಡಿಕೆ ಸಲ್ಲಿಸಿರಲಿಲ್ಲ. ಹೊಟ್ಟೆಯ ಚಿಂತೆಯಿಂದ ಮುಕ್ತನಾದವನೇ ಹೊಸದನ್ನು ಪ್ರಯೋಗಿಸಿ ನೋಡುವ ಧೈರ್ಯ ತೋರಿಸಿದ್ದನ್ನು ಚರಿತ್ರೆ ಹೆಚ್ಚಾಗಿ ಸಾಕ್ಷೀಕರಿಸುತ್ತದೆ. ಇನ್ನು ಊರು ಬಿಡುವುದೇ ತಪ್ಪೆಂದು ನಾವು ಹೇಳಿಲ್ಲ. ಬೀಳಗಿಯ ಅಮೀರಬಾಯಿ ಕರ್ನಾಟಕಿ ಮುಂಬಯಿಗೆ ಹೋಗದಿದ್ದರೆ ಹಿಂದೀ ಚಿತ್ರಸಂಗೀತ ಒಂದು ಕಂಠವನ್ನು ಕಳೆದುಕೊಳ್ಳುತ್ತಿತ್ತು. ಹೋಗುವುದು ಆಯ್ಕೆಯಾಗಿರಬೇಕು; ಉಳಿಯುವುದು ಅಸಾಧ್ಯವಾದ್ದರಿಂದ ಹೋಗುವಂತಾಗಬಾರದು ಎಂಬುದಿಷ್ಟೇ ನಮ್ಮ ವಾದ.

ಕಾಲೇಜುಗಳಿಂದ ಆಗಬಹುದಾದ ಕೆಲಸ ದೊಡ್ಡದೇನೂ ಅಲ್ಲ. ವಾರ್ಷಿಕೋತ್ಸವಕ್ಕೆ ದೂರದಿಂದ ವಾದ್ಯಗೋಷ್ಠಿಯವರನ್ನು ಕರೆಸುವ ಹಣದಲ್ಲಿ ಸೀಮೆಯ ಒಬ್ಬ ಪೇಟಿ ಮಾಸ್ತರರನ್ನು ವರ್ಷವಿಡೀ ವಾರಕ್ಕೆರಡು ದಿನ ಕರೆಸಬಹುದು. ಅವರಿಗೆ ಸಂಭಾವನೆಯನ್ನು ಶಾಲು ಹೂಹಾರದ ರೂಪದಲ್ಲಲ್ಲದೆ ರೊಕ್ಕದ ರೂಪದಲ್ಲಿ ಕೊಡಬಹುದು. ಕಿನ್ನಾಳದಲ್ಲಿ ಒಂದು ಚೌತಿಯ ಹಂಗಾಮು ಕೆಲಸ ಮಾಡಿದ ವಿದ್ಯಾರ್ಥಿಗೆ ಅದನ್ನು ಅಧ್ಯಯನದ ಅಂಗವೆಂದು ಪರಿಗಣಿಸಬಹುದು. ಊರಿನ ಜಾತ್ರಾ ಸಮಿತಿಯವರು ನಮ್ಮ ಹಳೆಯ ವಿದ್ಯಾರ್ಥಿಗಳೇ ಆಗಿರುತ್ತಾರೆ. ಪರದೆ, ಕಮಾನು, ರಥದ ಬಣ್ಣ ಇವುಗಳನ್ನು ಸೀಮೆಯ ಎಳೆಯರಿಗೆ ವಹಿಸಿಕೊಡಿರೆಂದು ಅವರಿಗೆ ಹೇಳುವ ಸಲಿಗೆ ನಮಗಿದೆ.

ಇತಿಹಾಸ ವಿಭಾಗದ ಪಾಲಿಗಂತೂ ಬೇರೆ ಕೆಲಸವೇ ಇದೆ. ಮುಂದಿನ ವರ್ಷ ಕ್ಷೇತ್ರಕಾರ್ಯಕ್ಕೆ ಹೊರಡುವ ವಿದ್ಯಾರ್ಥಿಗಳು ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಪ್ರತಿಯೊಂದು ಊರಿನಲ್ಲಿಯೂ ಈ ಪ್ರಶ್ನೆಗಳನ್ನು ಕೇಳಿ ಬರೆದುಕೊಳ್ಳಬೇಕೆಂದು ಸೂಚಿಸುತ್ತೇವೆ: ಊರಿನಲ್ಲಿ ಪುರಾಣಕ್ಕೆ ಹಾಡಿದವರು ಯಾರು, ಅವರು ಯಾರಲ್ಲಿ ಕಲಿತರು, ಎಷ್ಟು ಶ್ರಾವಣ ಹಾಡಿದರು, ಅವರಿಗೆ ಕಾಳಿನಲ್ಲಿ ಸಂದಿತೋ ರೊಕ್ಕದಲ್ಲಿ ಸಂದಿತೋ, ದೊಡ್ಡಾಟದ ಮಾಸ್ತರರು ಯಾವ ಊರಿನಿಂದ ಬಂದರು, ಎಷ್ಟು ತಿಂಗಳು ಯಾರ ಮನೆಯಲ್ಲಿ ಉಂಡರು, ಗುಡಿಯ ಗೋಡೆಯ ಮೇಲೆ ಚಿತ್ರ ಬರೆದವರು ಕಿನ್ನಾಳದವರೋ ಬೇರೆಯವರೋ, ಊರಿನಿಂದ ಗದಗಿನ ಆಶ್ರಮಕ್ಕೆ ಹೋದ ಹುಡುಗರಲ್ಲಿ ಹಿಂದಿರುಗಿದವರು ಯಾರು. ಹಳೆಯ ಕಂಪನಿಗಳ ಸಂಬಳದ ಪುಸ್ತಕಗಳು, ಜಾತ್ರಾ ಸಮಿತಿಗಳ ಖರ್ಚಿನ ಕಿರ್ದಿಗಳು, ನಾಟಕದ ಹಸ್ತಪ್ರತಿಗಳ ಕೊನೆಯ ಪುಟದಲ್ಲಿ ಬರೆದಿಟ್ಟ ಲೆಕ್ಕಗಳು ದೊರೆತಲ್ಲಿ ಅವುಗಳ ಪ್ರತಿಯನ್ನು ತೆಗೆದು ವಿಭಾಗಕ್ಕೆ ಒಪ್ಪಿಸಬೇಕು. ವಯಸ್ಸಾದ ಮಾಸ್ತರರನ್ನು ಮೊದಲು ಕಾಣುವುದು ಒಳ್ಳೆಯದು.